ಕೋಪರಖೈರಣೆಯ ಹಾಲು, ನೌಪಾಡಾದ ಕಣ್ಣು

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಕಣ್ಣು ನೋಡುವ ಡಾಕ್ಟರು ಆಸ್ಪತ್ರೆಯ ನರ್ಸರಿಗೆ ಬಂದರೆ ಅಲ್ಲಿ ಯಾರಿಗೂ ಖುಷಿಯಾಗುವುದಿಲ್ಲ. ಆಗಷ್ಟೇ ಹೊಟ್ಟೆ ತುಂಬಿ ನಿದ್ದೆ ಹೋದ ಕೂಸನ್ನು ಎಬ್ಬಿಸಿ, ರೆಪ್ಪೆಗಳ ನಡುವೆ ತಂತಿಯ ಸಣ್ಣ ಕ್ಲಿಪ್ಪು ಸಿಕ್ಕಿಸಿ, ಹಣೆಗೆ ಕಟ್ಟಿಕೊಂಡ ದೀಪದ ಬೆಳಕನ್ನು ನೇರ ಒಳಗೆ ಬಿಟ್ಟು, ಕಣ್ಣುಗುಡ್ಡೆಯನ್ನು ಪಕ್ಕದಿಂದ ಒತ್ತಿ ತಿರುಗಿಸುವ ಕೆಲಸ ನನ್ನದು. ನೋವು ತಿಳಿಯದಂತೆ ಮೊದಲು ಹನಿ ಹಾಕಿರುತ್ತೇವೆ, ಆದರೂ ಕೂಸು ಅಳುತ್ತದೆ. ಥಾಣೆಯ ನೌಪಾಡಾದ ನರ್ಸಿಂಗ್ ಹೋಮಿನ ಸಿಸ್ಟರ್‌ಗಳು ನನ್ನ ಬೆನ್ನ ಹಿಂದೆ "ರಾಕ್ಷಸಿ ಬಂದಳು" ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಥಾಣೆ, ಕಲ್ಯಾಣ, ಡೊಂಬಿವಲಿ, ಬೇಲಾಪುರ ಎಲ್ಲ ಕಡೆ ಹೊಸ ಹೊಸ ನರ್ಸರಿಗಳು ಶುರುವಾಗಿದ್ದವು. ಮೊದಲಾದರೆ ಉಳಿಯುವ ಆಸೆಯೇ ಇಲ್ಲದಿದ್ದ ಅಂಗೈಯಗಲದ ಕೂಸುಗಳು ಆಮ್ಲಜನಕ, ಶಾಖದ ಪೆಟ್ಟಿಗೆಗಳ ಬಲದಿಂದ ಉಳಿಯತೊಡಗಿದ್ದವು. ಉಳಿದ ಕೂಸುಗಳ ಕಣ್ಣು ಉಳಿಯುತ್ತದೆಯೇ ಎಂದು ನೋಡುವವರು ಮಾತ್ರ ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟು. ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ದೀಪ, ಲೆನ್ಸು, ಹನಿಗಳ ಪೆಟ್ಟಿಗೆ ಎಳೆದುಕೊಂಡು ಲೋಕಲ್ ಟ್ರೇನ್ ಹತ್ತಿ ಈ ನರ್ಸರಿಯಿಂದ ಆ ನರ್ಸರಿಗೆ ಅಲೆಯುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಆ ಪೆಟ್ಟಿಗೆಗೆ ಬೈಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಈ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ತಿಳಿದಿದ್ದರೆ ಸಾಕು. ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪರದೆ ಇದೆ, ನೋಟವೆಲ್ಲ ಮೂಡುವುದು ಅಲ್ಲೇ. ಅದಕ್ಕೆ ರಕ್ತ ಕೊಡುವ ನಾಳಗಳು ನಡುವಿನಿಂದ ಹೊರಟು ನಿಧಾನವಾಗಿ ಅಂಚಿನತ್ತ ಬೆಳೆಯುತ್ತ, ಮಗು ಹುಟ್ಟುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಮಗು ಅವಸರ ಮಾಡಿ ಬಂದುಬಿಟ್ಟರೆ ನಾಳಗಳು ಅರ್ಧ ದಾರಿಯಲ್ಲಿರುತ್ತವೆ. ಹೊರಗಿನ ಗಾಳಿ, ಯಂತ್ರದ ಆಮ್ಲಜನಕ ಸೋಕಿ ಅವು ಅಲ್ಲೇ ನಿಂತುಬಿಡುತ್ತವೆ. ಆಮೇಲೆ ಮುಂದಿನ ಪರದೆ ಹಸಿವಿನಿಂದ ಕೂಗಿಕೊಂಡಾಗ, ನಿಂತಲ್ಲಿಂದಲೇ ಹುಚ್ಚುಹುಚ್ಚಾಗಿ ಹೊಸ ನಾಳಗಳು ಏಳುತ್ತವೆ. ಅವು ಪರದೆಯನ್ನು ಹಿಡಿದೆಳೆದು ಕಿತ್ತರೆ ಮಗು ಜನ್ಮವಿಡೀ ಕುರುಡು. ಹುಚ್ಚು ಬೆಳೆ ಶುರುವಾದ ಮೇಲೆ ಲೇಸರ್ ಹಾಕಲು ನಮಗೆ ಸಿಗುವ ಕಾಲ ಬಹಳ ಕಡಿಮೆ.

ನೌಪಾಡಾದಲ್ಲಿ ಒಂದು ಹೆಣ್ಣು ಕೂಸನ್ನು ನಾನು ಮೊದಲ ಸಲ ನೋಡಿದಾಗ ಅದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು. ಏಳನೇ ತಿಂಗಳಿಗೇ ಹುಟ್ಟಿತ್ತು. ಒಂದು ಕಿಲೋ ಸಕ್ಕರೆಯ ಪೊಟ್ಟಣ ಅದಕ್ಕಿಂತ ಭಾರ. ಅಪ್ಪ ಕೋಪರಖೈರಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ಉಡುಪಿ ಕಡೆಯವರು. ತಾಯಿಗೆ ಸಿಸೇರಿಯನ್ ಆಗಿತ್ತು. ಆಸ್ಪತ್ರೆಯಿಂದ ಬಿಟ್ಟ ದಿನವೇ ಅವಳ ಅಮ್ಮ, ಅಂದರೆ ಕೂಸಿನ ಅಜ್ಜಿ, ಊರಿನಿಂದ ಬಂದು ಮಗಳನ್ನು ಮನೆಯಲ್ಲಿ ಬಾಣಂತನಕ್ಕೆ ಕೂರಿಸಿದ್ದರು. ಕೂಸು ಥಾಣೆಯಲ್ಲಿ, ತಾಯಿ ಕೋಪರಖೈರಣೆಯಲ್ಲಿ. ಹಿಂಡಿದ ಎದೆಹಾಲನ್ನು ಅಪ್ಪ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಬೆಳಿಗ್ಗೆ ಸಂಜೆ ಟ್ರೇನಿನಲ್ಲಿ ತಂದು ಕೊಡುತ್ತಿದ್ದರು. ಹಾಗೆ ಹಾಲು ತರುವ ಅಪ್ಪಂದಿರು ಕಡಿಮೆ, ಆ ಮನುಷ್ಯನ ಮೇಲೆ ನನಗೆ ಮೊದಲ ದಿನವೇ ಗೌರವ ಹುಟ್ಟಿತು.

ಹಿರಿಯ ಸಿಸ್ಟರ್ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹಿಡಿದರು. ಅವರು ವಿಜಾಪುರದವರು, ನನ್ನ ಜೊತೆ ಕನ್ನಡ ಮಾತಾಡಲು ಸಿಕ್ಕಿತೆಂದರೆ ಅವರಿಗೆ ಹಬ್ಬ. ನಾನು ಲೆನ್ಸು ಹಿಡಿದು ಬಗ್ಗಿದೆ. ಕೇಸರಿ ಬಣ್ಣದ ಪರದೆಯ ಮೇಲೆ ಕೂದಲೆಳೆಯಂಥ ನಾಳಗಳು ಹೊರಟು, ಅರ್ಧಕ್ಕೆ ನಿಂತು, ಅಲ್ಲೊಂದು ಬಿಳಿಚಿದ ಗೆರೆ ಎದ್ದಿತ್ತು. ಗೆರೆಯ ಆಚೆಗೆ ಬರೀ ಬೂದು ಬಯಲು. ಈ ನೋಟವನ್ನು ಎಷ್ಟೋ ಸಲ ನೋಡಿದ್ದರೂ ನನಗೆ ಅದು ಹಳತಾಗಿಲ್ಲ. ಹುಟ್ಟುವ ಮೊದಲು ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯಬೇಕಾದ ಕೆಲಸ ನನ್ನ ದೀಪದ ಕೆಳಗೆ ನಡೆಯುತ್ತಿದೆ ಎಂದುಕೊಂಡಾಗಲೆಲ್ಲ ಮೈ ಜುಂ ಎನ್ನುತ್ತದೆ.

"ಹೆಂಗದ ರೀ ಮ್ಯಾಡಮ್?" ಎಂದರು ಸಿಸ್ಟರ್.

"ಸದ್ಯಕ್ಕೆ ಕಾಯೋದು. ಮುಂದಿನ ವಾರ ಮತ್ತೆ ನೋಡ್ತೀನಿ. ತೂಕ ಹೇಗೆ ಏರ್ತಿದೆ?"

"ಅದೇನ್ ಕೇಳ್ತೀರಿ. ಕೂಸು ಮೊದಲಿದ್ದಲ್ಲೇ ಐತಿ. ಹಾಲೇನೋ ಬರೋಬ್ಬರಿ ಒಳಗ ಹೋಗ್ತದ, ಮೈಗೆ ಮಾತ್ರ ಹತ್ತವಲ್ದು."

ನಾನು ಕಣ್ಣಿನವಳು, ತೂಕದ ಗೊಡವೆ ನನಗೇಕೆ ಎಂದು ಯಾರಾದರೂ ಕೇಳಬಹುದು. ಆ ದಿನಗಳಲ್ಲಿ ನಮ್ಮವರ ನಡುವೆ ಅದೇ ಮಾತು ನಡೆಯುತ್ತಿತ್ತು: ಮೊದಲ ವಾರಗಳಲ್ಲಿ ತೂಕ ಏರದ ಕೂಸುಗಳ ಕಣ್ಣೇ ಹೆಚ್ಚು ಕೆಡುತ್ತದೆ. ಮೈ ಬೆಳೆಸುವ ಅಂಶ ರಕ್ತದಲ್ಲಿ ಕಡಿಮೆಯಿದ್ದರೆ ಕಣ್ಣಿನ ನಾಳಗಳೂ ಮುಂದೆ ಹೆಜ್ಜೆ ಇಡುವುದಿಲ್ಲ. ಅದಕ್ಕೇ ನಾನು ಕಣ್ಣಿಗೆ ಹನಿ ಹಾಕುವ ಮೊದಲು ಕೂಸಿನ ತೂಕ ಕೇಳುವ ಅಭ್ಯಾಸ ಮಾಡಿಕೊಂಡಿದ್ದೆ. ಅಲ್ಲಿನ ಮಕ್ಕಳ ಡಾಕ್ಟರ್ ಥಾಣೆಯವರೇ, ಮರಾಠಿ ಮನುಷ್ಯ, ಎಂಥ ಗಡಿಬಿಡಿಯಲ್ಲೂ ದನಿ ಏರಿಸದವರು. ಅವರೂ ತಲೆ ಕೆಡಿಸಿಕೊಂಡಿದ್ದರು. ಸೋಂಕಿಲ್ಲ, ಹೃದಯದ ತೊಂದರೆ ಇಲ್ಲ, ರಕ್ತಪರೀಕ್ಷೆಯೆಲ್ಲ ಸರಿಯಿದೆ. ಎದೆಹಾಲಿಗೆ ಬೆರೆಸುವ ಪುಷ್ಟಿಯ ಪುಡಿ ಕೊಟ್ಟು ನೋಡಿದರೆ ಹೊಟ್ಟೆ ಉಬ್ಬರಿಸಿತ್ತು, ನಿಲ್ಲಿಸಬೇಕಾಯಿತು.

ಮುಂದಿನ ವಾರ ಬಂದು ನೋಡಿದರೆ ಗೆರೆ ದಪ್ಪಗಾಗಿ ದಿಬ್ಬವಾಗಿತ್ತು. ಬಲಗಣ್ಣಿನ ನಾಳಗಳು ಸ್ವಲ್ಪ ಊದಿಕೊಂಡು ಅಂಕುಡೊಂಕಾಗುವ ಲಕ್ಷಣ ತೋರಿಸುತ್ತಿದ್ದವು. ತೂಕ ಇದ್ದಲ್ಲೇ ಇತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಪೆಟ್ಟಿಗೆ ಮುಚ್ಚುತ್ತಿದ್ದಾಗ ಅಪ್ಪ ಬೆಳಗಿನ ಹಾಲು ತಂದರು. ಸಿಸ್ಟರ್ ಅದರಲ್ಲಿ ಒಂದಿಷ್ಟನ್ನು ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ತಣಿವು ಬಿಡಿಸತೊಡಗಿದರು. ಮೂಗಿನ ನಳಿಗೆಯಿಂದ ಕೊಡುವ ಮುಂಚೆ ಹಾಗೆ ಬೆಚ್ಚಗೆ ಮಾಡಬೇಕು. ನಾನು ಪಕ್ಕದಲ್ಲೇ ಕೈ ತೊಳೆಯುತ್ತಿದ್ದೆ. ಹಾಲು ಬೆಚ್ಚಗಾದಂತೆ ಒಂದು ವಾಸನೆ ಬಂತು. ನನ್ನ ಅಪ್ಪನೂ ಹೋಟೆಲಿನಲ್ಲೇ ಜೀವ ತೇಯ್ದವರು. ಸಂಜೆ ಅವರು ಮನೆಗೆ ಬಂದಾಗ ಅಂಗಿಯಿಂದ ಬರುತ್ತಿದ್ದ ವಾಸನೆ ಅದು: ಕಾಯಿಸಿ ಕಾಯಿಸಿ ಬತ್ತಿಸಿದ ಹಾಲಿನದ್ದು. ಎದೆಹಾಲಿಗೆ ಆ ವಾಸನೆ ಬರುವ ದಾರಿ ಒಂದೇ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಕೂಸಿನ ಅಪ್ಪನ ಬಳಿ ಹೋದೆ. "ಹಾಲು ಮನೆಯಲ್ಲಿ ಕಾಯಿಸ್ತೀರಾ?"

"ಹೌದು ಮೇಡಂ, ಮತ್ತೆ?" ಅವರಿಗೆ ಆಶ್ಚರ್ಯ. "ಹಸಿ ಹಾಲು ಟ್ರೇನಲ್ಲಿ ತಂದ್ರೆ ನಿಲ್ತದಾ? ಒಡೆದು ಹೋಗುದಿಲ್ವಾ? ನಮ್ದು ಹೋಟೆಲ್ ಲೈನ್ ಮೇಡಂ, ಹಾಲಿನ ವಿಷಯ ನಮಗೆ ಹೇಳಿ ಕೊಡ್ಬೇಕಾ? ಚೆನ್ನಾಗಿ ಉಕ್ಕು ಬರಿಸಿ, ತಣಿಸಿ, ಆಮೇಲೆ ಐಸಿಗೆ ಹಾಕುದು."

"ಕೆನೆ?"

"ಅದನ್ನು ಅತ್ತೆ ಬಟ್ಟೆಯಲ್ಲಿ ಸೋಸಿ ತೆಗೀತಾರೆ. ಇಷ್ಟು ಸಣ್ಣ ಮಗು, ಕೆನೆ ಎಲ್ಲ ಅರಗ್ತದಾ ಅದಕ್ಕೆ?"

ನಾನು ಬಾಯಿ ತೆರೆದೆ, ಬೈಗುಳ ಬರಲಿಲ್ಲ, ನಗು ಬಂತು. ನಗುತ್ತಲೇ ಅಳು ಬಂದಂತಾಯಿತು. ಎದೆಹಾಲಿನ ಕೊಬ್ಬನ್ನು ಅರಗಿಸಿಕೊಡುವ ವಸ್ತು ಆ ಹಾಲಿನಲ್ಲೇ ಇರುತ್ತದೆ, ಕುದಿಸಿದರೆ ಅದು ಸತ್ತುಹೋಗುತ್ತದೆ. ಉಳಿದ ಕೊಬ್ಬು ಪಾತ್ರೆಗೆ ಅಂಟುತ್ತದೆ, ಕೆನೆಯಾಗಿ ಮೇಲೆ ಬಂದದ್ದು ಅಜ್ಜಿಯ ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕೂಸಿಗೆ ತೂಕ ಕೊಡಬೇಕಾದದ್ದೇ ಆ ಕೊಬ್ಬು. ದಿನಕ್ಕೆರಡು ಸಲ ಇಷ್ಟು ದೂರದಿಂದ ಹೊತ್ತು ತಂದ ಹಾಲು ಕೂಸಿನ ಹೊಟ್ಟೆ ತುಂಬಿಸುತ್ತಿತ್ತು, ಮೈ ತುಂಬಿಸುತ್ತಿರಲಿಲ್ಲ.

ಮಕ್ಕಳ ಡಾಕ್ಟರಿಗೆ ಹೇಳಿದಾಗ ಅವರು ಬೆರಳು ಮಡಿಚತೊಡಗಿದರು. "ಕೈ ತೊಳೆಯುವುದು ಹೇಳಿದ್ದೇವೆ, ಬಾಟಲಿ ಕುದಿಸುವುದು ಹೇಳಿದ್ದೇವೆ, ಐಸ್ ಹೇಗೆ ತುಂಬಬೇಕು ಅಂತ ಹೇಳಿದ್ದೇವೆ," ಎಂದು ಹಿಂದಿಯಲ್ಲಿ ಎಣಿಸಿದರು. "ತಾಯಿಯ ಹಾಲು ಕಾಯಿಸಬೇಡಿ ಅಂತ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ ಮ್ಯಾಡಮ್?" ನಿಜ. ಹಸಿ ಹಾಲು ಒಳಗೆ ತಂದೊಡನೆ ಒಲೆಯ ಮೇಲಿಡುವುದು ನಮ್ಮ ಮನೆಗಳಲ್ಲಿ ಉಸಿರಾಡಿದಷ್ಟು ಸಹಜ. ನನ್ನ ಮನೆಯಲ್ಲೂ ಹಾಗೇ ಆಗುತ್ತಿತ್ತೇನೋ.

ಆ ಮಧ್ಯಾಹ್ನ ನನಗೆ ಬೇಲಾಪುರದ ನರ್ಸರಿಗೆ ಹೋಗಬೇಕಿತ್ತು, ದಾರಿಯಲ್ಲೇ ಕೋಪರಖೈರಣೆ. ಅಪ್ಪನ ಜೊತೆ ಇಳಿದುಕೊಂಡೆ. ಅಪ್ಪ ಹೇಳಿದರೆ ಅಜ್ಜಿ ಕೇಳುವುದಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಚಿಕ್ಕ ಮನೆ. ಒಳಕೋಣೆಯಲ್ಲಿ ತಾಯಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಮಲಗಿದ್ದಳು. ಎಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಘಮ. ಬಾಲ್ಕನಿಯ ಕುಂಡದಲ್ಲಿ ಊರಿನಿಂದ ತಂದ ಮಲ್ಲಿಗೆ ಗಿಡ ಬಹಳ ಸೊಂಪಾಗಿ ಬೆಳೆದಿತ್ತು. ಎದೆಹಾಲಿನ ಕೆನೆಯನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಅಜ್ಜಿ ಅದನ್ನೆಲ್ಲ ಆ ಗಿಡದ ಬುಡಕ್ಕೆ ಹಾಕುತ್ತಿದ್ದರಂತೆ.

ನನ್ನ ಮನೆಮಾತೂ ತುಳುವೇ, ಅದರಲ್ಲೇ ಮಾತು ಶುರು ಮಾಡಿದೆ. ಅಜ್ಜಿ ಹಿಗ್ಗಿದರು, ಕುರ್ಚಿ ಎಳೆದು ಕೂರಿಸಿದರು. ಹಾಲು ಕಾಯಿಸಬೇಡಿ ಎಂದದ್ದೇ ಮುಖ ಗಂಟಾಯಿತು, ಮಾತು ಕನ್ನಡಕ್ಕೆ ತಿರುಗಿತು.

"ಎದೆಯಲ್ಲಿ ಇರುವಾಗ ಅದು ಎದೆಹಾಲು ಡಾಕ್ಟ್ರೇ. ಪಾತ್ರೆಗೆ ಬಿದ್ದ ಮೇಲೆ ಹಸಿ ಹಾಲೇ ಅಲ್ವಾ? ಹಸಿ ಹಾಲು ಮಗುವಿಗೆ ಕೊಡ್ಲಿಕ್ಕುಂಟಾ? ನಾನು ನಾಲ್ಕು ಮಕ್ಕಳನ್ನು ಸಾಕಿದವಳು."

"ಆ ನಾಲ್ಕು ಮಕ್ಕಳೂ ಎದೆಯಿಂದಲೇ ಕುಡಿದದ್ದಲ್ವಾ ಅಮ್ಮಾ? ಯಾರಿಗಾದರೂ ಕಾಯಿಸಿ ಕೊಟ್ಟಿದ್ರಾ?" ಎಂದೆ. "ಈ ಮಗುವಿಗೆ ಎದೆ ಹಿಡಿಯುವ ಶಕ್ತಿ ಇಲ್ಲ. ಅದಕ್ಕೇ ಅದೇ ಹಾಲು ನಳಿಗೆಯಲ್ಲಿ ಹೋಗ್ತಾ ಉಂಟು. ಎದೆಯಲ್ಲಿ ಹೇಗಿತ್ತೋ ಹಾಗೇ ಹೋಗಬೇಕು, ಕೆನೆ ಸಮೇತ."

"ಡಬ್ಬಿಯಲ್ಲಿ ಅಷ್ಟು ಹೊತ್ತು ಇದ್ದು ಹಾಳಾದ್ರೆ? ಮಗುವಿಗೆ ಏನಾದ್ರೂ ಆದ್ರೆ ನೀವು ಬರ್ತೀರಾ?"

"ಬರ್ತೇನೆ," ಎಂದೆ. "ನಾನು ಮಗುವಿನ ಕಣ್ಣು ನೋಡಿ ಬಂದಿದ್ದೇನೆ. ಕಣ್ಣು ಹೋಗುವ ದಾರಿಯಲ್ಲಿ ಉಂಟು. ಬಲಗಣ್ಣು ಈಗಾಗಲೇ ಕೆಡ್ತಾ ಉಂಟು."

ಅಜ್ಜಿ ಏನೋ ಹೇಳಹೊರಟರು, ಅಷ್ಟರಲ್ಲಿ ಒಳಗಿನಿಂದ ತಾಯಿ ಎದ್ದು ಬಂದಳು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೂಸನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ಮೇಲೆ ಒಂದು ಸಲವೂ ಅವಳನ್ನು ಹೊರಗೆ ಬಿಟ್ಟಿರಲಿಲ್ಲ, ಬಾಣಂತಿ ಗಾಳಿಗೆ ಮೈ ಒಡ್ಡಬಾರದು.

"ಅಮ್ಮಾ, ನಾನು ಥಾಣೆಗೆ ಹೋಗ್ತೇನೆ," ಎಂದಳು.

"ಈ ಮೈಯಲ್ಲಿ? ಟ್ರೇನಲ್ಲಿ?"

"ರಿಕ್ಷಾದಲ್ಲಿ ಹೋಗ್ತೇನೆ. ಅಲ್ಲೇ ಕೂತು ಹಾಲು ಹಿಂಡಿ ಕೊಡ್ತೇನೆ. ಕಾಯಿಸುದೂ ಬೇಡ, ಐಸೂ ಬೇಡ." ಆಮೇಲೆ ತುಳುವಿನಲ್ಲಿ, ಬಹಳ ಮೆಲ್ಲಗೆ, ಮಗುವಿನ ಮುಖ ತನಗೆ ಸರಿಯಾಗಿ ನೆನಪಾಗುತ್ತಿಲ್ಲ ಎಂದಳು.

ಅಜ್ಜಿ ಎದ್ದು ಒಳಗೆ ಹೋಗಿ ಒಂದು ದಪ್ಪ ಶಾಲು ತಂದು ಮಗಳ ತಲೆ, ಕಿವಿ, ಕುತ್ತಿಗೆ ಎಲ್ಲ ಮುಚ್ಚುವ ಹಾಗೆ ಸುತ್ತಿದರು. ತಾವೂ ಚಪ್ಪಲಿ ಮೆಟ್ಟಿಕೊಂಡರು. ಆ ದಿನದಿಂದ ತಾಯಿ ಬೆಳಿಗ್ಗೆ ಬಂದು ಸಂಜೆಯವರೆಗೆ ನರ್ಸರಿಯಲ್ಲೇ ಕೂರುತ್ತಿದ್ದಳು. ಮಕ್ಕಳ ಡಾಕ್ಟರ್ ಕೂಸನ್ನು ಅವಳ ಬರಿ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸುವ ಏರ್ಪಾಡು ಮಾಡಿದರು. ಅದುವರೆಗೆ ಕಷ್ಟಪಟ್ಟು ಹಿಂಡಬೇಕಿದ್ದ ಹಾಲು ಕೂಸು ಮೈಗೆ ತಾಗಿದ್ದೇ ತಾನಾಗಿ ಸೋರತೊಡಗಿತು. ಇದು ಹೀಗಾಗುತ್ತದೆಂದು ಓದಿದ್ದೆ. ಕಣ್ಣಾರೆ ಕಂಡಾಗ ದಂಗಾಗಿ ನಿಂತೆ. ಹೊಟ್ಟೆಯಿಂದ ಹೊರಗೆ ಬಂದು ಇಷ್ಟು ದಿನವಾದರೂ ಆ ಎರಡು ಮೈಗಳ ನಡುವೆ ಏನೋ ಮಾತುಕತೆ ನಡೆಯುತ್ತಲೇ ಇತ್ತು.

ಸಿಸ್ಟರ್ ಫೋನ್ ಮಾಡಿ, "ಏರ್ಲಿಕ್ಕೆ ಹತ್ತೇದ್ರಿ ಮ್ಯಾಡಮ್, ತೂಕ ಏರ್ಲಿಕ್ಕೆ ಹತ್ತೇದ!" ಎಂದು ಕೂಗಿದಾಗ ನಾನು ಕಲ್ಯಾಣ ಸ್ಟೇಷನ್ನಿನ ಬ್ರಿಜ್ ಮೇಲೆ ಜನರ ನೂಕಾಟದಲ್ಲಿದ್ದೆ. ಅಲ್ಲೇ ನಿಂತು ನಕ್ಕೆ. ಹಿಂದಿನವರು ಬೈದರು.

ಆದರೆ ಕಣ್ಣು ಹಾಲಿಗಾಗಿ ಕಾಯುವುದಿಲ್ಲ. ಮುಂದಿನ ಪರೀಕ್ಷೆಗೆ ಬಂದಾಗ ಬಲಗಣ್ಣು ಕಾಯುವ ಹಂತ ಮೀರಿತ್ತು. ದಿಬ್ಬದ ಮೇಲೆ ಕೆಂಪು ಹುಚ್ಚು ನಾಳಗಳು ಗುಂಪಾಗಿ ಎದ್ದಿದ್ದವು, ನಡುವಿನ ನಾಳಗಳು ಊದಿ ಹಾವಿನಂತೆ ತಿರುಚಿಕೊಂಡಿದ್ದವು. ಇನ್ನು ತಡಮಾಡುವ ಹಾಗಿರಲಿಲ್ಲ. ಎಡಗಣ್ಣಿನಲ್ಲೂ ದಿಬ್ಬವಿತ್ತು, ಅದರ ಮೇಲೆ ಒಂದಷ್ಟು ಹೊಸ ನಾಳಗಳೂ ಇದ್ದವು. ಆದರೆ ನಡುವಿನ ನಾಳಗಳು ಇನ್ನೂ ನೆಟ್ಟಗಿದ್ದವು.

ಮಾರನೆಯ ದಿನ ಲೇಸರ್ ಯಂತ್ರವನ್ನು ಟ್ಯಾಕ್ಸಿಯಲ್ಲಿ ತರಿಸಿದೆ. ಕೂಸನ್ನು ಬೇರೆಡೆಗೆ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ, ನರ್ಸರಿಯ ಒಂದು ಮೂಲೆಯಲ್ಲೇ ಪರದೆ ಕಟ್ಟಿದೆವು. ನೋವಿಗೆ ಔಷಧ ಕೊಟ್ಟು ಮಕ್ಕಳ ಡಾಕ್ಟರ್ ತಲೆಯ ಬಳಿ ನಿಂತರು, ಸಿಸ್ಟರ್ ಕೈಕಾಲು ಹಿಡಿದರು. ನನ್ನ ಹಣೆಯ ದೀಪದ ಜೊತೆಗೇ ಲೇಸರ್ ಹೊರಡುತ್ತದೆ, ಕಾಲಡಿಯ ಪೆಡಲು ಒತ್ತಿದರೆ ಒಂದು ಸುಟ್ಟ ಚುಕ್ಕೆ. ನಾಳಗಳು ಇನ್ನೂ ಹೋಗಿರದ ಆ ಬೂದು ಬಯಲಿನ ಮೇಲೆ ಒಂದರ ಪಕ್ಕ ಒಂದರಂತೆ ಚುಕ್ಕೆ ಇಡುತ್ತ ಹೋಗಬೇಕು. ಸುಟ್ಟ ಜಾಗ ಹಸಿವೆಂದು ಕೂಗುವುದಿಲ್ಲ, ಕೂಗು ನಿಂತರೆ ಹುಚ್ಚು ನಾಳಗಳು ಬಾಡುತ್ತವೆ. ನಡುವಿನ ನೋಟ ಉಳಿಸಲು ಅಂಚಿನದನ್ನು ಬಿಟ್ಟುಕೊಡುವ ಒಪ್ಪಂದವಿದು.

ನಡುವೆ ಒಮ್ಮೆ ಕೂಸು ಉಸಿರು ಮರೆಯಿತು. ಮಾನಿಟರ್ ಕೂಗಿಕೊಂಡಿತು. ನಾನು ಕ್ಲಿಪ್ಪು ತೆಗೆದು ಹಿಂದೆ ಸರಿದೆ, ಡಾಕ್ಟರ್ ಅಂಗಾಲು ತಟ್ಟಿದರು, ಗಾಳಿಯ ಚೀಲ ಒತ್ತಿ ಉಸಿರು ಕೊಟ್ಟರು. ನೀಲಿಯಾಗಿದ್ದ ತುಟಿ ಮತ್ತೆ ಬಣ್ಣಕ್ಕೆ ಬಂತು. ನನ್ನ ಬೆನ್ನೆಲ್ಲ ಬೆವರಿನಿಂದ ಒದ್ದೆ. ಮತ್ತೆ ಬಗ್ಗಿದೆ. ಬಲಗಣ್ಣು ಮುಗಿಯುವ ಹೊತ್ತಿಗೆ ಕುತ್ತಿಗೆ ಮರಗಟ್ಟಿತ್ತು.

"ಎಡಗಣ್ಣನ್ನೂ ಮುಗಿಸಿಬಿಡಿ," ಎಂದರು ಮಕ್ಕಳ ಡಾಕ್ಟರ್. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಯಂತ್ರ ಇಲ್ಲೇ ಇದೆ, ಕೂಸು ಔಷಧದಲ್ಲಿದೆ, ನಾಳೆಯೋ ನಾಡಿದ್ದೋ ಮತ್ತೆ ಇದೆಲ್ಲ ಮಾಡಬೇಕಾಗಿ ಬಂದರೆ ಈ ಮೈ ತಡೆಯುತ್ತದೆಯೇ? ಎಷ್ಟೋ ಮಂದಿ ಎರಡೂ ಕಣ್ಣಿಗೆ ಒಟ್ಟಿಗೇ ಹಾಕಿಬಿಡುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ.

ನಾನು ಎಡಗಣ್ಣನ್ನು ಇನ್ನೊಮ್ಮೆ ನೋಡಿದೆ. ನಾಳಗಳು ನೆಟ್ಟಗೇ ಇದ್ದವು. ಸುಟ್ಟದ್ದನ್ನು ಮತ್ತೆ ಬೆಳೆಸಲು ನನಗೆ ಬರುವುದಿಲ್ಲ. ಈ ಕೂಸಿಗೆ ನಿಜವಾದ ಊಟ ಸಿಕ್ಕು ಇನ್ನೂ ಕೆಲವೇ ದಿನಗಳಾಗಿವೆ. ಅದಕ್ಕೆ ಒಂದು ಅವಕಾಶ ಕೊಡಬಾರದೇ ಎನಿಸಿತು. ನಿಯಮದ ಪ್ರಕಾರವೂ ಈ ಹಂತದ ಕಣ್ಣನ್ನು ಕಾದು ನೋಡಬಹುದು, ಬಹಳ ಹತ್ತಿರದಿಂದ ಕಾಯಬೇಕು ಅಷ್ಟೇ. ಕಾದು ಕೆಟ್ಟರೆ ಆ ಕಣ್ಣು ನನ್ನ ಕೊರಳಿಗೆ.

"ಎಡಗಣ್ಣು ಬೇಡ," ಎಂದೆ. "ಒಂದು ದಿನ ಬಿಟ್ಟು ಒಂದು ದಿನ ಬಂದು ನೋಡುತ್ತೇನೆ."

"ಭಾನುವಾರವೂ?"

"ಭಾನುವಾರವೂ."

ಹೊರಗೆ ಅಪ್ಪ, ತಾಯಿ, ಅಜ್ಜಿ ಮೂವರೂ ನಿಂತಿದ್ದರು. ಒಂದು ಕಣ್ಣಿಗೆ ಹಾಕಿದೆ, ಇನ್ನೊಂದನ್ನು ಬಿಟ್ಟಿದ್ದೇನೆ ಎಂದೆ. ಬಿಟ್ಟದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅಪ್ಪ ಕೇಳಿದರು. ಗೊತ್ತಿಲ್ಲ ಎಂದೆ. ಸುಳ್ಳು ಸಮಾಧಾನ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿ ಮಾತ್ರ, "ನೀವು ಬರ್ತೀರಲ್ಲ, ಸಾಕು," ಎಂದರು.

ಮೊದಲ ಸಲ ಹೋದಾಗ ಎಡಗಣ್ಣು ಇದ್ದ ಹಾಗೇ ಇತ್ತು. ಬಲಗಣ್ಣಿನ ಊತ ಇಳಿಯತೊಡಗಿತ್ತು. ಎರಡನೇ ಸಲ ಭಾನುವಾರ. ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾಬ್ಲಾಕಿನಿಂದಾಗಿ ಡೊಂಬಿವಲಿಯಲ್ಲಿ ಜನ ಪ್ಲಾಟ್‌ಫಾರ್ಮ್ ತುಂಬಿ ಚೆಲ್ಲುತ್ತಿದ್ದರು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಂದು ಗಾಡಿಯೊಳಗೆ ತೂರಿದೆ. ಥಾಣೆ ಮುಟ್ಟುವಷ್ಟರಲ್ಲಿ ನನಗಿಂತ ಹೆಚ್ಚು ನಜ್ಜುಗುಜ್ಜಾದವರು ಇರಲಿಕ್ಕಿಲ್ಲ.

ಅವತ್ತು ನೋಡಿದರೆ ಎಡಗಣ್ಣಿನ ದಿಬ್ಬ ಇನ್ನೂ ದಪ್ಪಗಾದಂತೆ ಕಂಡಿತು. ಲೇಸರ್‌ನವರಿಗೆ ಫೋನ್ ಮಾಡಬೇಕೆಂದುಕೊಂಡು ಕ್ಲಿಪ್ಪು ತೆಗೆಯಹೊರಟವಳು, ಯಾಕೋ ಏನೋ, "ಇನ್ನೊಂದು ನಿಮಿಷ ಹಿಡೀರಿ ಸಿಸ್ಟರ್," ಎಂದು ಮತ್ತೆ ಬಗ್ಗಿದೆ. ಕಣ್ಣನ್ನು ಪಕ್ಕದಿಂದ ಮೆಲ್ಲಗೆ ಒತ್ತಿ, ದಿಬ್ಬದ ಆಚೆಯ ಬದಿಯನ್ನು ಬೆಳಕಿಗೆ ತಂದೆ.

ಅಲ್ಲಿ ನಾಳಗಳಿದ್ದವು. ಹುಚ್ಚು ನಾಳಗಳಲ್ಲ. ಕೂದಲಿಗಿಂತ ಸಣ್ಣ, ನೆಟ್ಟನೆಯ, ಸೌಮ್ಯ ನಾಳಗಳು ದಿಬ್ಬವನ್ನು ಹಾಯ್ದು ಆಚೆಯ ಬೂದು ಬಯಲಿಗೆ ಇಳಿದಿದ್ದವು, ಮಳೆಗೆ ಮೊಳೆತ ಬೀಜದ ಬೇರಿನ ಹಾಗೆ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು, ಮೂಗಿನ ಬದಿಗೆ ಒಂದು ಗೊಂಚಲು. ದಿಬ್ಬ ದಪ್ಪಗಾದದ್ದಲ್ಲ, ಸಡಿಲಾಗಿ ಹರಡಿಕೊಳ್ಳುತ್ತಿತ್ತು. ನಿಂತುಹೋಗಿದ್ದ ಕೆಲಸ ಮತ್ತೆ ಶುರುವಾಗಿತ್ತು. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಯೂ ಇಲ್ಲದೆ, ತನಗೆ ಹೋಗಬೇಕಾದ ದಿಕ್ಕು ಅದಕ್ಕೆ ಗೊತ್ತಿತ್ತು.

ನಾನು ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ. "ಮ್ಯಾಡಮ್, ಕೂಸು ದಣೀತದ," ಎಂದು ಸಿಸ್ಟರ್ ಎಚ್ಚರಿಸಿದರು. ತಲೆಯ ದೀಪ ಬಿಚ್ಚಿದೆ. ಕಣ್ಣಲ್ಲಿ ನೀರು ತುಂಬಿ ಎದುರಿಗಿದ್ದ ಅವರ ಮುಖವೇ ಮಸುಕಾಗಿ ಕಂಡಿತು.

"ಏನಾತ್ರಿ? ಕೆಟ್ಟದ್ದೇನು?" ಅವರು ಗಾಬರಿಯಾದರು.

"ಇಲ್ಲ ಸಿಸ್ಟರ್. ದಾಟಿದೆ," ಎಂದೆ.

ಇದನ್ನು ಹಾಲೇ ಮಾಡಿತೆಂದು ನಾನು ಹೇಳುವುದಿಲ್ಲ. ಎಷ್ಟೋ ಕಣ್ಣುಗಳು ತಾವಾಗಿಯೇ ಸರಿಹೋಗುತ್ತವೆ, ಅದೇ ಹಾಲು ಕುಡಿದ ಬಲಗಣ್ಣು ಲೇಸರ್ ಇಲ್ಲದೆ ಉಳಿಯುತ್ತಿರಲಿಲ್ಲ. ಒಂದೇ ಕೂಸು, ಒಂದೇ ರಕ್ತ, ಎರಡು ಕಣ್ಣಿಗೆ ಎರಡು ದಾರಿ ಯಾಕೆ? ಇಷ್ಟು ವರ್ಷಗಳಾದರೂ ನನಗೆ ಉತ್ತರ ಗೊತ್ತಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯೂ ಇಲ್ಲ. ಆ ದಿನ ನನಗೆ ತಿಳಿದದ್ದಿಷ್ಟೇ: ಹೊಟ್ಟೆಗೆ ಸರಿಯಾಗಿ ಬಿದ್ದ ಮೇಲೆ ಆ ಮೈ ತನ್ನ ಪಾಲಿನ ಕೆಲಸ ಮಾಡಿತು, ನಾನು ಅಡ್ಡ ಬರದೆ ಉಳಿದೆ. ನನ್ನ ವೃತ್ತಿಯಲ್ಲಿ ಕೈ ಹಾಕದೆ ನಿಂತು ಮಾಡಿದ ದೊಡ್ಡ ಕೆಲಸ ಅದೊಂದೇ.

ಕೂಸು ಮನೆಗೆ ಹೋಯಿತು. ಆಮೇಲೂ ಕೆಲವು ವಾರ ಅಜ್ಜಿ ಅದನ್ನು ಹೊದಿಕೆಯಲ್ಲಿ ಸುತ್ತಿಕೊಂಡು ತರುತ್ತಿದ್ದರು, ನಾನು ಎಂದಿನಂತೆ ಕ್ಲಿಪ್ಪು ಹಾಕಿ ಅಳಿಸುತ್ತಿದ್ದೆ. ಎಡಗಣ್ಣಿನ ನಾಳಗಳು ಅಂಚು ಮುಟ್ಟಿದ ದಿನ, ಇನ್ನು ಕೆಲವು ತಿಂಗಳು ಬರಬೇಕಿಲ್ಲ ಎಂದು ಕಳಿಸಿದೆ. ಒಳಗಿನ ಪರದೆ ಸರಿಯಿದೆ ಎಂದು ನಾನು ಹೇಳಬಲ್ಲೆ. ಆ ಕೂಸಿಗೆ ನಿಜಕ್ಕೂ ಏನು ಕಾಣುತ್ತದೆ, ಕಂಡದ್ದನ್ನು ಅದು ಗುರುತಿಸುತ್ತದೆಯೇ ಎಂದು ಅಷ್ಟು ಎಳೆತನದಲ್ಲಿ ಯಾವ ಯಂತ್ರವೂ ಹೇಳುವುದಿಲ್ಲ. ಆ ಪ್ರಶ್ನೆ ಇಟ್ಟುಕೊಂಡೇ ತಾಯಿ ಹೋದಳು, ನನ್ನಲ್ಲೂ ಅದು ಉಳಿಯಿತು.

ಕೆಲವು ತಿಂಗಳ ಮೇಲೆ ಕೂಸು ಮತ್ತೆ ಬಂದದ್ದು ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ. ಹೊರಗಿನ ಕೋಣೆಯ ಕೊನೆಯ ಬೆಂಚಿನಲ್ಲಿ ತಾಯಿಯ ತೊಡೆಯ ಮೇಲೆ ಕೂತು ಅದು ಅವಳ ಕರಿಮಣಿ ಎಳೆಯುತ್ತಿತ್ತು. ಕೆನ್ನೆ ತುಂಬಿಕೊಂಡು, ಕೈಯಲ್ಲಿ ಮಡಿಕೆಗಳು ಮೂಡಿ, ನನಗೆ ಮೊದಲು ಗುರುತೇ ಸಿಗಲಿಲ್ಲ. ಅಪ್ಪ ಎದ್ದು ನಿಂತು ಕೈ ಮುಗಿದಾಗ ಇವಳೇ ಅವಳು ಎಂದು ತಿಳಿಯಿತು. ನಾನು ಕೋಣೆಯ ಬಾಗಿಲಲ್ಲೇ ನಿಂತೆ. ಮಾತಾಡಲಿಲ್ಲ, ಗಿಲಕಿ ಆಡಿಸಲಿಲ್ಲ, ಬರೀ ನಿಂತೆ. ದೀಪವಿಲ್ಲ, ಲೆನ್ಸಿಲ್ಲ, ನಮ್ಮ ನಡುವೆ ಇಡೀ ಕೋಣೆಯ ದೂರ.

ಮಗು ಕರಿಮಣಿ ಬಿಟ್ಟಿತು. ತಲೆ ಎತ್ತಿ ನನ್ನನ್ನು ನೋಡಿತು. ಎರಡೂ ಕಣ್ಣು ಒಟ್ಟಿಗೆ ಬಂದು ನನ್ನ ಮುಖದ ಮೇಲೆ ನಿಂತವು. ನಾನು ಒಂದು ಹೆಜ್ಜೆ ಬಲಕ್ಕೆ ಸರಿದೆ, ಕಣ್ಣುಗಳೂ ಸರಿದವು. ಒಮ್ಮೆ ತಾಯಿಯ ಮುಖ ನೋಡಿತು, ಮತ್ತೆ ನನ್ನ ಮುಖ ನೋಡಿತು. ಕೆಳತುಟಿ ಮೆಲ್ಲಗೆ ಹೊರಗೆ ಬಂದು ನಡುಗಿತು, ಆಮೇಲೆ ಕಟ್ಟಡವೇ ಕೇಳುವಂತೆ ಕಿರುಚಿ ಅಳುತ್ತ ತಾಯಿಯ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು.

"ಅಯ್ಯೋ, ತಪ್ಪು ತಿಳ್ಕೊಳ್ಬೇಡಿ ಡಾಕ್ಟ್ರೇ," ಎಂದು ಪಕ್ಕದಲ್ಲಿದ್ದ ಅಜ್ಜಿ ನಾಚಿ ಎದ್ದರು. "ಇವಳಿಗೆ ಈಗ ಹಾಗೇ. ಮನೆಯವರನ್ನು ಬಿಟ್ಟು ಬೇರೆ ಮುಖ ಕಂಡ್ರೆ ಅಷ್ಟು ದೂರದಿಂದ್ಲೇ ಗುರ್ತ ಹಿಡಿದು ಅಳ್ತಾಳೆ." ಮಗುವಿನ ಬೆನ್ನು ತಟ್ಟುತ್ತ, "ಸುಮ್ಮನಿರು ಮಗಾ, ಸುಮ್ಮನಿರು," ಎಂದು ಸಮಾಧಾನ ಮಾಡತೊಡಗಿದರು.

"ಬೇಡ ಅಮ್ಮಾ," ಎಂದೆ ನಾನು ಬಾಗಿಲಲ್ಲೇ ನಿಂತು. "ಅಳಲಿ ಬಿಡಿ."